ವಾಗೀಶರು ಮಾತಿನಲ್ಲಿ ಕಟ್ಟಿದ ಬ್ಯಾಂಕು

ಮದುವೆಯ ಆರತಕ್ಷತೆ, ನಿವೃತ್ತಿಯ ಬೀಳ್ಕೊಡುಗೆ, ಅಂಗಡಿಯ ಉದ್ಘಾಟನೆ, ಬಡಾವಣೆಯ ಗಣೇಶೋತ್ಸವ, ಮೈಸೂರಿನಲ್ಲಿ ಇವುಗಳಲ್ಲಿ ಯಾವುದು ನಡೆದರೂ ಮೈಕಿನ ಮುಂದೆ ವಾಗೀಶರು ಇರಲೇಬೇಕು ಎಂಬ ಕಾಲವೊಂದಿತ್ತು. ಎತ್ತರದ ಆಳು, ಇಸ್ತ್ರಿ ಮುರಿಯದ ಜುಬ್ಬ, ಕಂಠವಂತೂ ತುಪ್ಪದಲ್ಲಿ ಅದ್ದಿ ತೆಗೆದಂಥದ್ದು. ಅವರು "ಈಗ ವೇದಿಕೆಗೆ ದಯಮಾಡಿಸಬೇಕೆಂದು" ಎಂದು ಶುರು ಮಾಡಿದರೆ, ಟೈರಿಗೆ ಪಂಕ್ಚರ್ ಹಾಕುವ ಅಂಗಡಿಯವನೂ ತನ್ನ ವಂಶದಲ್ಲಿ ಯಾರೋ ದಿವಾನರಿದ್ದಿರಬೇಕು ಎಂದುಕೊಂಡು ಎದ್ದು ನಿಲ್ಲುತ್ತಿದ್ದ. ಹಗಲು ಹೊತ್ತಿನಲ್ಲಿ ಅವರಿಗೊಂದು ನೌಕರಿಯೂ ಇತ್ತು. ವಿಮಾ ಕಂಪನಿಯೊಂದರ ಕಚೇರಿಯಲ್ಲಿ ಗುಮಾಸ್ತಿಕೆ. ಅದನ್ನು ಅವರು ಕೇಳಿದವರಿಗಷ್ಟೇ ಹೇಳುತ್ತಿದ್ದರು, ಅದೂ ಎರಡನೇ ಸಲ ಕೇಳಿದರೆ.

ಇಷ್ಟೊಂದು ಜನರನ್ನು ದೊಡ್ಡವರನ್ನಾಗಿ ಮಾಡಿದ ಮನುಷ್ಯನಿಗೆ ಒಂದೇ ಕೊರಗು. ಸನ್ಮಾನದ ತಟ್ಟೆ ಯಾವಾಗಲೂ ಅವರ ಮೂಗಿನ ಕೆಳಗೇ ಹಾದು ಬೇರೊಬ್ಬರ ಕಡೆಗೆ ಹೋಗುತ್ತಿತ್ತು. ಶಾಲಿನ ಬಗ್ಗೆ ಮಾತಾಡುವವರು ವಾಗೀಶರು, ಹೊದೆಯುವವರು ಇನ್ನೊಬ್ಬರು. ಸಮಾರಂಭ ಮುಗಿದ ಮೇಲೆ ಯಾರೋ ಬಂದು ಅವರ ಜುಬ್ಬದ ಜೇಬಿಗೆ ಕವರೊಂದನ್ನು ತುರುಕಿ, "ಊಟ ಮಾಡ್ಕೊಂಡು ಹೋಗಿ" ಎನ್ನುತ್ತಿದ್ದರು.

ಒಂದು ಸಲ ಯಾವುದೋ ಸಹಕಾರ ಸಂಘದ ಬೆಳ್ಳಿಹಬ್ಬಕ್ಕೆ ನಿರೂಪಣೆಗೆ ಹೋದರು. ಅಧ್ಯಕ್ಷರಿಗೆ ಎರಡು ವಾಕ್ಯ ನೆಟ್ಟಗೆ ಆಡಲು ಬರುತ್ತಿರಲಿಲ್ಲ. ಆದರೂ ಅವರ ತಲೆಗೆ ಮೈಸೂರು ಪೇಟ, ಹೆಗಲಿಗೆ ರೇಷ್ಮೆ ಶಾಲು, ಕೊರಳಿಗೆ ಗಂಧದ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಮೈಕು ಹಿಡಿದಿದ್ದ ವಾಗೀಶರ ಬಾಯಿಂದ, ಯಾರೂ ಕೇಳದಿದ್ದರೂ, "ಸಹಕಾರ ಭೀಷ್ಮ" ಎಂಬ ಬಿರುದೂ ಉದುರಿತು. ಮನೆಗೆ ಬಂದವರಿಗೆ ಸಮಾಧಾನವಿಲ್ಲ. ಹೆಂಡತಿ ಪ್ರೇಮಲೀಲಾ ಸೊಪ್ಪು ಬಿಡಿಸುತ್ತಾ ಕೂತಿದ್ದರು.

"ಪ್ರೇಮಾ, ಆ ಮನುಷ್ಯ ಏನು ಸಾಧನೆ ಮಾಡಿದಾನೆ ಹೇಳು. ಜನರ ದುಡ್ಡು ಇಸ್ಕೊಂಡು ಇಟ್ಕೊಂಡಿದಾನೆ, ಅಷ್ಟೇ."

"ವಾಪಸ್ಸೂ ಕೊಡ್ತಿರಬೇಕಲ್ಲ," ಎಂದರು ಪ್ರೇಮಲೀಲಾ.

ಈ ಮಾತು ವಾಗೀಶರ ಕಿವಿಗೆ ಬೀಳಲಿಲ್ಲ. ಅವರಾಗಲೇ ಒಂದು ಬ್ಯಾಂಕಿನ ಉದ್ಘಾಟನಾ ಭಾಷಣವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದರು.

ಸ್ವಯಂನಿವೃತ್ತಿ ತೆಗೆದುಕೊಂಡು ಅವರು ನೇರವಾಗಿ ಹೋದದ್ದು ದಟ್ಟಗಳ್ಳಿಯ ತಮ್ಮ ಮನೆಯ ಹತ್ತಿರದ ಪಾರ್ಕಿಗೆ. ಅಲ್ಲಿ ಬೆಳಿಗ್ಗೆ ವಾಕಿಂಗಿಗೆ ಬರುವವರಲ್ಲಿ ನಿವೃತ್ತರೇ ಹೆಚ್ಚು. ಕೈಯಲ್ಲಿ ಗ್ರಾಚ್ಯುಟಿ ಹಣ, ಮನಸ್ಸಿನಲ್ಲಿ ದೊಡ್ಡ ಬ್ಯಾಂಕುಗಳ ಕೌಂಟರಿನಲ್ಲಿ ಉಂಡ ಅವಮಾನ, ಎರಡೂ ಇದ್ದ ಜನ. ವಾಗೀಶರು ಮೊದಲು ಹಿಡಿದದ್ದು ಅವಮಾನವನ್ನು.

"ನಿಮ್ಮದೇ ದುಡ್ಡು. ನೀವೇ ಹೋಗಿ ನಿಂತರೆ 'ಸರ್ವರ್ ಡೌನು, ನಾಳೆ ಬನ್ನಿ' ಅಂತಾರೆ. ತಲೆ ಎತ್ತಿ ಮುಖವನ್ನೂ ನೋಡಲ್ಲ. ನಮ್ಮಲ್ಲಿ ಹಾಗಿರಲ್ಲ. ನೀವು ಒಳಗೆ ಬಂದರೆ ಎದ್ದು ನಿಂತು ನಮಸ್ಕಾರ ಹೇಳ್ತೀವಿ. ಕುರ್ಚಿ ಕೊಡ್ತೀವಿ. ಕಾಫಿ ಕೊಡ್ತೀವಿ."

ಎರಡು ಪರ್ಸೆಂಟ್ ಹೆಚ್ಚಿನ ಬಡ್ಡಿಯ ಮಾತು ಬಂದದ್ದು ಆಮೇಲೆ. ಅಷ್ಟರಲ್ಲಿ ಅರ್ಧ ಜನ ಕಾಫಿಗೇ ಒಪ್ಪಿಯಾಗಿತ್ತು.

ಅದೇ ಪಾರ್ಕಿನಲ್ಲಿ ಸಿಕ್ಕವರು ಸಿದ್ದಮಲ್ಲಪ್ಪ. ಸಿಮೆಂಟು, ಕಬ್ಬಿಣದ ವ್ಯಾಪಾರಿ. ಡಬಲ್ ರೋಡಿನಲ್ಲಿ ಮೂರಂತಸ್ತಿನ ಕಟ್ಟಡದ ಒಡೆಯರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮೌನ. ಅವರು ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಹೇಳಿದರು: "ಅಧ್ಯಕ್ಷರು ನೀವೇ ಆಗಿ ವಾಗೀಶಣ್ಣ. ನಮಗೆ ಮಾತು ಬರಾಕಿಲ್ಲ. ಉಪಾಧ್ಯಕ್ಷ ಅಂತ ಮೂಲೇಲಿ ಕೂತಿರ್ತೀನಿ. ನಮ್ಮ ಬಿಲ್ಡಿಂಗಿನ ಕೆಳಗಿನ ಅಂತಸ್ತು ಖಾಲಿ ಅದೆ, ತಗೊಳಿ. ಬಾಡಿಗೆ ಎಂಗಾದ್ರೂ ಇರ್ಲಿ ಬುಡಿ. ಅಡ್ವಾನ್ಸ್ ಮಾತ್ರ ಒಂಚೂರು ಜಾಸ್ತಿ ಮಾಡಿ."

ಹೀಗೆ, ಒಬ್ಬೇ ಒಬ್ಬ ಸದಸ್ಯ ಒಂದು ಪೈಸೆ ಸಾಲ ಪಡೆಯುವ ಮೊದಲೇ, ಪಾರ್ಕಿನಲ್ಲಿ ಕೂಡಿಸಿದ ಷೇರು ಹಣದ ಬಹುಪಾಲು ಸಿದ್ದಮಲ್ಲಪ್ಪನವರ ಕೈ ಸೇರಿತು. ವಾಗೀಶರು ಇದಕ್ಕೆ "ಭದ್ರ ನೆಲೆಗಟ್ಟು" ಎಂದು ಹೆಸರಿಟ್ಟರು.

ಸಂಸ್ಥೆಯ ಹೆಸರು ನಿಶ್ಚಿಂತಾ ಸೌಹಾರ್ದ ಸಹಕಾರಿ ನಿಯಮಿತ. ಬ್ಯಾಂಕು ಎಂಬ ಶಬ್ದವನ್ನು ಬೋರ್ಡಿನಲ್ಲಿ ಬಳಸಕೂಡದು ಎಂದು ಇಲಾಖೆಯವರು ಮೊದಲೇ ಎಚ್ಚರಿಸಿದ್ದರು. ವಾಗೀಶರು ಕಾನೂನು ಪಾಲಿಸುವವರು, ಬೋರ್ಡಿನಲ್ಲಿ ಬಳಸಲಿಲ್ಲ. ಬಾಯಲ್ಲಿ ಮಾತ್ರ ಬಳಸಿದರು. ಒಂದು ತಿಂಗಳಲ್ಲಿ ಇಡೀ ಬಡಾವಣೆ ಅದನ್ನು "ನಮ್ಮ ಬ್ಯಾಂಕು" ಎನ್ನತೊಡಗಿತು. ಆಟೋದವರೂ "ಬ್ಯಾಂಕ್ ಸ್ಟಾಪಾ?" ಎಂದು ಕೇಳುತ್ತಿದ್ದರು.

ಮೊದಲ ದೊಡ್ಡ ಠೇವಣಿ ಅಂಬುಜಾ ಅವರದು. ಹೈಸ್ಕೂಲಿನಲ್ಲಿ ವಾಗೀಶರಿಗೆ ಕನ್ನಡ ಕಲಿಸಿದವರು, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಅವರ ಅಜ್ಜ ಅರಮನೆಯ ಯಾವುದೋ ಇಲಾಖೆಯಲ್ಲಿದ್ದರಂತೆ. ಆ ಮನೆಯಲ್ಲಿ ಈಗ ಉಳಿದಿದ್ದದ್ದು ಆ ಗತ್ತು ಮತ್ತು ಅಂಬುಜಾ ಅವರ ನಿವೃತ್ತಿಯ ಹಣ. ಗತ್ತನ್ನು ತಮ್ಮ ಬಳಿ ಇಟ್ಟುಕೊಂಡು ಹಣವನ್ನು ತಂದರು.

"ಬಡ್ಡಿಗೋಸ್ಕರ ಇಡ್ತಿಲ್ಲ ಕಣೋ," ಎಂದರು. "ನನ್ನ ಕ್ಲಾಸಿನ ಹುಡುಗ ಬ್ಯಾಂಕಿನ ಅಧ್ಯಕ್ಷ ಆಗಿದಾನೆ ಅಂತ ನಾಲ್ಕು ಜನಕ್ಕೆ ಹೇಳ್ಕೊಂಡು ಓಡಾಡ್ತಿದೀನಿ. ನಾನೇ ಇಡದಿದ್ರೆ ಚೆನ್ನಾಗಿರುತ್ತಾ?"

ನಾಲ್ಕು ಜನಕ್ಕಷ್ಟೇ ಅಲ್ಲ, ಅವರು ವಾರಕ್ಕೊಮ್ಮೆ ಹೋಗುತ್ತಿದ್ದ ಲಲಿತಾಸಹಸ್ರನಾಮದ ಗುಂಪಿಗೆಲ್ಲ ಹೇಳಿದರು. ಆ ಹೆಂಗಸರೆಲ್ಲ ಅಂಬುಜಾ ಮಿಸ್ ಹೇಳಿದರೆ ಮುಗಿಯಿತು ಎಂದು ಉಳಿತಾಯವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ವಾಗೀಶರು ಪ್ರತಿಯೊಬ್ಬರಿಗೂ ಎದ್ದು ನಿಂತು ನಮಸ್ಕಾರ ಹೇಳಿದರು. ಕಾಫಿ ಕೊಡಿಸಿದರು.

ಹಣ ಇಡದೆ ಉಳಿದವರು ಪ್ರೇಮಲೀಲಾ ಒಬ್ಬರೇ. ತವರಿನಿಂದ ಬಂದದ್ದು, ಹೊಲಿಗೆಯಲ್ಲಿ ದುಡಿದದ್ದು, ಎಲ್ಲವೂ ಪೋಸ್ಟಾಫೀಸಿನಲ್ಲಿತ್ತು.

"ಅಧ್ಯಕ್ಷರ ಹೆಂಡತಿ ದುಡ್ಡು ಪೋಸ್ಟಾಫೀಸಲ್ಲಿದೆ ಅಂದ್ರೆ ಜನ ಏನಂತಾರೆ?"

"ನೀವು ಹೇಳದಿದ್ರೆ ಏನೂ ಅನ್ನಲ್ಲ. ನಾನಂತೂ ಹೇಳಲ್ಲ ಕಣ್ರೀ."

ಬ್ಯಾಂಕು ಬೆಳೆಯಿತು. ಬಡ್ಡಿ ತಪ್ಪದೆ ಸಿಗುತ್ತಿತ್ತು, ಕಾಫಿಯೂ ಬಿಸಿಯಾಗಿರುತ್ತಿತ್ತು. ಬೆಟ್ಟದ ಪಾದದ ಹತ್ತಿರ ಹೂವು, ತೆಂಗಿನಕಾಯಿ ಮಾರುವವರ ಬಳಿಗೂ ಪಿಗ್ಮಿ ಕಲೆಕ್ಷನ್ನಿನವರು ಹೋಗಿ, ದಿನದ ವ್ಯಾಪಾರದಲ್ಲಿ ಒಂದಿಷ್ಟನ್ನು ಎತ್ತಿಕೊಂಡು ಬಂದು ಜಮಾ ಮಾಡುತ್ತಿದ್ದರು. ಕ್ಯಾಷ್ ಕೌಂಟರಿಗೆ ಎಂ.ಕಾಂ. ಮಾಡಿದ ಹುಡುಗಿಯೊಬ್ಬಳನ್ನು ನೇಮಿಸಿದರು. ಅರ್ಜಿ ಹಾಕಿದವರಲ್ಲಿ ಇನ್ನೂ ಹೆಚ್ಚು ಅಂಕದವರಿದ್ದರು, ಆದರೆ ಈಕೆಯ ಹೆಸರು ಐಶ್ವರ್ಯ. "ನಮ್ಮ ಕೌಂಟರಿನಲ್ಲಿ ಸಾಕ್ಷಾತ್ ಐಶ್ವರ್ಯವೇ ಕೂತಿದೆ" ಎಂಬ ವಾಕ್ಯ ಸಂದರ್ಶನದ ದಿನವೇ ವಾಗೀಶರಿಗೆ ಹೊಳೆದುಬಿಟ್ಟಿತ್ತು. ಆಮೇಲೆ ಅದನ್ನು ಪ್ರತಿ ಸಭೆಯಲ್ಲೂ ಹೇಳಿದರು. ಐಶ್ವರ್ಯ ಪ್ರತಿ ಸಲವೂ ನೆಲ ನೋಡುತ್ತಿದ್ದಳು.

ಅಧ್ಯಕ್ಷರ ಕೋಣೆಗೆ ಕುರ್ಚಿ ಬೇಕಲ್ಲ. ಆರತಕ್ಷತೆಗೆ ವಧೂವರರನ್ನು ಕೂರಿಸುವ, ಕೈಗೆ ಸಿಂಹದ ಮುಖ ಇರುವ ಸಿಂಹಾಸನವೊಂದನ್ನು ಪರಿಚಯದ ಶಾಮಿಯಾನದವರಿಂದ ಕೊಂಡು ತಂದರು. ಅದರಲ್ಲಿ ಕೂತರೆ ಮೇಜು ಕೈಗೆ ಎಟುಕುತ್ತಿರಲಿಲ್ಲ. ಸಹಿ ಹಾಕಬೇಕಾದಾಗ ಎದ್ದು ನಿಂತು ಹಾಕುತ್ತಿದ್ದರು. ಕಟ್ಟಡದ ಮುಂಭಾಗಕ್ಕೆ ಕಮಾನು ಕಟ್ಟಿಸಿ, ಅದರ ಅಂಚಿಗೆಲ್ಲ ಅರಮನೆಗೆ ಹಾಕಿದ ಹಾಗೆ ಬಲ್ಬು ಪೋಣಿಸಿದರು. ಭಾನುವಾರ ಸಂಜೆ ಹೊತ್ತಿಸಿದರೆ ಪಕ್ಕದ ಬೇಕರಿಯ ವ್ಯಾಪಾರ ಹೆಚ್ಚುತ್ತಿತ್ತು. ಕಟ್ಟಡ ಸಿದ್ದಮಲ್ಲಪ್ಪನವರದು, ಕಮಾನಿನ ಖರ್ಚು ಬ್ಯಾಂಕಿನದು. ಬಲ್ಬು ಹತ್ತಿದ ಮೇಲೆ ಸಿದ್ದಮಲ್ಲಪ್ಪ ಬಾಡಿಗೆಯನ್ನೂ ಏರಿಸಿದರು. ಕಟ್ಟಡಕ್ಕೆ ಈಗ ಕಳೆ ಬಂದಿದೆಯಲ್ಲ ಎಂದರು.

ಅದಾದ ಮೇಲೆ ಬಂದದ್ದು ನೀರಿನ ಕಾರ್ಖಾನೆ.

ಸಿದ್ದಮಲ್ಲಪ್ಪ ಕಡಕೊಳದ ಕೈಗಾರಿಕಾ ಪ್ರದೇಶದಲ್ಲಿ ಜಾಗ ತೆಗೆದುಕೊಂಡು ಬಾಟಲಿ ನೀರಿನ ಕಾರ್ಖಾನೆ ಹಾಕುತ್ತೇನೆಂದರು. ಸಾಲ ಬೇಕು. ಮೊತ್ತ ನೋಡಿ ನಿರ್ದೇಶಕರಲ್ಲಿ ಒಬ್ಬಿಬ್ಬರು ಕೆಮ್ಮಿದರು. ಆಗ ಸಿದ್ದಮಲ್ಲಪ್ಪ ಹೇಳಿದರು: "ನೀರಿಗೊಂದು ಎಸ್ರು ಬೇಕಲ್ಲ ವಾಗೀಶಣ್ಣ. ನೀವೇ ಇಡಿ. ಬಾಟ್ಲಿ ಮೇಲೆ ನಾಲ್ಕು ಮಾತೂ ಬರ್ಕೊಡಿ." ವಾಗೀಶರು ಅಲ್ಲೇ, ಸಭೆಯ ಹಾಳೆಯ ಹಿಂದೆಯೇ, "ಬೆಟ್ಟದ ಸಿರಿ: ಗುಟುಕು ಗುಟುಕಿಗೂ ಗುಣ" ಎಂದು ಬರೆದರು. ಎಲ್ಲರೂ ತಲೆದೂಗಿದರು. ಹೆಸರು ಇಟ್ಟಾದ ಮೇಲೆ ಸಾಲ ಇಲ್ಲ ಎನ್ನುವುದು ಅಸಭ್ಯವಾಗಿ ಕಂಡಿತು.

ಉದ್ಘಾಟನೆಗೆ ಕಡಕೊಳಕ್ಕೆ ಎರಡು ಬಸ್ಸು ಮಾಡಿಕೊಂಡು ಹೋದರು. ಯಂತ್ರಗಳು ಫಳಫಳ ಹೊಳೆಯುತ್ತಿದ್ದವು. ಬಾಟಲಿ ಸಾಲಾಗಿ ಬಂದವು, ನೀರು ತುಂಬಿತು, ಲೇಬಲ್ ಅಂಟಿತು. ವಾಗೀಶರು ಮೊದಲ ಗುಟುಕು ಕುಡಿದು, ಇಂಥ ನೀರನ್ನು ಜೀವಮಾನದಲ್ಲಿ ಕುಡಿದಿಲ್ಲ ಎಂದು ಮೈಕಿನಲ್ಲಿ ಸಾರಿದರು. ಕಾರ್ಖಾನೆಯ ಹಿಂದೆ ಟ್ಯಾಂಕರ್ ಲಾರಿಯೊಂದು ನಿಂತಿತ್ತು. ಕೊರೆಸಿದ ಬೋರ್‌ವೆಲ್ಲುಗಳಲ್ಲಿ ಬರೀ ಕಲ್ಲುಪುಡಿ ಬಂದಿತ್ತು. ಅದನ್ನು ಸಿದ್ದಮಲ್ಲಪ್ಪ ಊಟದ ಹೊತ್ತಿನಲ್ಲಿ, ಪಾಯಸ ಬಡಿಸಿಕೊಳ್ಳುತ್ತಾ ಹೇಳಿದರು.

"ನೀರು ಬರ್ತದೆ ಬುಡಿ. ಇನ್ನೊಂದು ಸ್ವಲ್ಪ ಆಳಕ್ಕೋಗ್ಬೇಕು."

ಆಳಕ್ಕೆ ಹೋಗಲು ಇನ್ನೊಂದು ಸಾಲ ಬೇಕಾಯಿತು. ಮೊದಲ ಸಾಲದ ಬಡ್ಡಿ ಕಟ್ಟಲು ಮತ್ತೊಂದು. ಆ ಬಡ್ಡಿಯನ್ನು ಲಾಭವೆಂದು ತೋರಿಸಿದರು. ಲಾಭ ಬಂದಿದೆಯೆಂದು ಡಿವಿಡೆಂಡ್ ಹಂಚಿದರು. ಡಿವಿಡೆಂಡ್ ಕಂಡು ಹೊಸ ಠೇವಣಿ ಬಂತು. ಹೊಸ ಠೇವಣಿ ಬಂದದ್ದರಿಂದ ಸಿದ್ದಮಲ್ಲಪ್ಪನವರಿಗೆ ಹೊಸ ಸಾಲ ಕೊಡುವುದು ಸುಲಭವಾಯಿತು. ಕಾರ್ಖಾನೆಯಿಂದ ಒಂದು ಬಾಟಲಿಯೂ ಹೊರಗೆ ಬರದಿದ್ದರೂ ಬ್ಯಾಂಕಿನ ವಾರ್ಷಿಕ ವರದಿ ವರ್ಷದಿಂದ ವರ್ಷಕ್ಕೆ ದಪ್ಪವಾಯಿತು. ಅದರ ಮುನ್ನುಡಿಯನ್ನು ವಾಗೀಶರೇ ಬರೆಯುತ್ತಿದ್ದರು.

ಒಂದು ಮಧ್ಯಾಹ್ನ ಐಶ್ವರ್ಯ ಅವರ ಕೋಣೆಗೆ ಬಂದಳು. ಕೂರಲಿಲ್ಲ.

"ಸರ್, ಸಿದ್ದಮಲ್ಲಪ್ಪ ಸರ್ ಕಟ್ಟೋ ಬಡ್ಡಿ ನಮ್ಮ ದುಡ್ಡೇ. ಎಡಗೈಯಿಂದ ಕೊಟ್ಟು ಬಲಗೈಲಿ ಇಸ್ಕೊತಿದೀವಿ. ಹೊಸ ಡಿಪಾಸಿಟ್ ಒಂದು ತಿಂಗಳು ನಿಂತರೆ ನಮ್ಮ ಹತ್ರ ಕೊಡಕ್ಕೆ ಏನೂ ಇರಲ್ಲ."

"ಐಶ್ವರ್ಯ, ನೀವು ಲೆಕ್ಕ ನೋಡ್ತೀರಿ. ನಾನು ದಿಗಂತ ನೋಡ್ತೀನಿ. ಸಂಸ್ಥೆಗೆ ಎರಡೂ ಬೇಕು."

ಆಕೆ ತಲೆಯಾಡಿಸಿ ಹೋದಳು. ಮುಂದಿನ ವಾರ ತನ್ನ ತಾಯಿಯ ಠೇವಣಿಯನ್ನು, ಅದಾದ ಮೇಲೆ ಚಿಕ್ಕಪ್ಪನದನ್ನು ಸದ್ದಿಲ್ಲದೆ ಮುಗಿಸಿಕೊಂಡಳು. ಅದು ಗೊತ್ತಾದಾಗ ವಾಗೀಶರಿಗೆ ಬಹಳ ನೋವಾಯಿತು. ಇಷ್ಟು ಹೊಗಳಿದ ಹುಡುಗಿ ಹೀಗೆ ಮಾಡಬಹುದೇ ಎಂದು ನೊಂದರೇ ಹೊರತು, ಯಾಕೆ ಮಾಡಿದಳು ಎಂದು ಯೋಚಿಸಲಿಲ್ಲ.

ಅವರಿಗೆ ಗೊತ್ತಿರಲಿಲ್ಲ ಎನ್ನುವಂತೆಯೂ ಇಲ್ಲ. ರಾತ್ರಿ ಹಾಸಿಗೆಯಲ್ಲಿ ಐಶ್ವರ್ಯ ಹೇಳಿದ ಲೆಕ್ಕವನ್ನು ಬೆರಳು ಮಡಿಸಿ ಎಣಿಸುತ್ತಿದ್ದರು. ಆದರೆ ಬೆಳಿಗ್ಗೆ ಎದ್ದು ಯಾರ ಮುಂದಾದರೂ ಬ್ಯಾಂಕಿನ ಬಗ್ಗೆ ನಾಲ್ಕು ಮಾತಾಡಿದರೆ ಆ ಲೆಕ್ಕ ಮರೆತುಹೋಗುತ್ತಿತ್ತು. ತಮ್ಮ ಮಾತನ್ನು ತಮಗಿಂತ ಹೆಚ್ಚು ನಂಬಿದವರು ಊರಿನಲ್ಲಿ ಯಾರೂ ಇರಲಿಲ್ಲ.

ಬ್ಯಾಂಕಿನ ದಶಮಾನೋತ್ಸವ ಬಂತು. ಕೊನೆಗೂ ವಾಗೀಶರಿಗೆ ಸನ್ಮಾನ. ಪೇಟ, ಶಾಲು, ಗಂಧದ ಹಾರಗಳನ್ನು ತಾವೇ ಅಂಗಡಿಗೆ ಹೋಗಿ ಆರಿಸಿದರು, ಅಳತೆಗೆ ಪೇಟವನ್ನು ಹಾಕಿಯೂ ನೋಡಿದರು. ಪ್ರತಿ ಸದಸ್ಯರಿಗೂ ಒಂದು ಹಿತ್ತಾಳೆಯ ದೀಪ ಉಡುಗೊರೆ, ಬೆಳಿಗ್ಗೆಯಿಂದ ವಿತರಣೆ, ಪಾಸ್‌ಬುಕ್ ತರತಕ್ಕದ್ದು ಎಂದು ಬಡಾವಣೆಯಲ್ಲೆಲ್ಲ ಚೀಟಿ ಹಂಚಿಸಿದರು.

ಬಿಟ್ಟಿ ದೀಪವೆಂದರೆ ಯಾರು ಬಿಡುತ್ತಾರೆ. ಬಾಗಿಲು ತೆಗೆಯುವ ಮೊದಲೇ ಜನ ಪಾಸ್‌ಬುಕ್ ಹಿಡಿದು ಸಾಲು ನಿಂತರು. ಸಾಲು ಬೇಕರಿ ದಾಟಿತು, ಮೆಡಿಕಲ್ ಸ್ಟೋರು ದಾಟಿತು, ತಿರುವಿನಲ್ಲಿ ಮಾಯವಾಯಿತು. ಆ ದಾರಿಯಲ್ಲಿ ಸಿಟಿ ಬಸ್ಸಿನಲ್ಲಿ ಹೋಗುತ್ತಿದ್ದ ಯಾರೋ ಪುಣ್ಯಾತ್ಮ ಕಿಟಕಿಯಿಂದ ಫೋಟೋ ತೆಗೆದು, "ನಿಶ್ಚಿಂತಾ ಮುಂದೆ ಪಾಸ್‌ಬುಕ್ ಹಿಡಿದು ನಿಂತ ಜನ. ಏನಾಗಿದೆ?" ಎಂದು ವಾಟ್ಸಾಪಿನಲ್ಲಿ ಹಾಕಿದ. ಕೇಳಿದ್ದು ಒಂದು ಪ್ರಶ್ನೆ. ಎರಡು ಗುಂಪು ದಾಟುವಷ್ಟರಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಳಚಿಬಿತ್ತು. ಮೂರನೆಯ ಗುಂಪಿನಲ್ಲಿ ಅಧ್ಯಕ್ಷರು ದುಬೈಗೆ ಓಡಿಹೋಗಿದ್ದರು.

ದುಬೈಗೆ ಹೋದ ಅಧ್ಯಕ್ಷರು ಆ ಹೊತ್ತಿನಲ್ಲಿ ತಮ್ಮ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು ಪೇಟ ಸರಿಮಾಡಿಕೊಳ್ಳುತ್ತಿದ್ದರು. ಐಶ್ವರ್ಯ ಬಾಗಿಲು ತಟ್ಟಿ ಫೋನನ್ನು ಮುಂದೆ ಹಿಡಿದಳು.

"ಸರ್, ನೋಡಿ. ಸ್ಕೂಟರಲ್ಲಿ ಬಂದವರು ಕೆಲವರು ದೀಪ ಬೇಡ, ಡಿಪಾಸಿಟ್ ಕೊಡಿ ಅಂತಿದಾರೆ. ಸದ್ಯಕ್ಕೆ ಹತ್ತು ಹದಿನೈದು ಜನ ಅಷ್ಟೇ. ಕೊಟ್ಟು ಕಳಿಸ್ಬಿಡ್ತೀನಿ. ನೀವೇನೂ ಮಾತಾಡೋಕೆ ಹೋಗ್ಬೇಡಿ."

ವಾಗೀಶರಿಗೆ ಬದುಕಿನಲ್ಲಿ ಯಾರೂ ಇಂಥ ಸಲಹೆ ಕೊಟ್ಟಿರಲಿಲ್ಲ. ಅವರು ನೇರವಾಗಿ ಹೊರಗೆ ನಡೆದರು. ಸಮಾರಂಭಕ್ಕೆಂದು ಧ್ವನಿವರ್ಧಕ ಕಟ್ಟಿಸಿದ್ದರು, ಅದು ಸುತ್ತಲಿನ ನಾಲ್ಕಾರು ಬೀದಿಗೆ ಕೇಳುತ್ತಿತ್ತು. ಪೇಟ ತೊಟ್ಟು, ಕಮಾನಿನ ಕೆಳಗೆ ನಿಂತು, ಮೈಕು ಹಿಡಿದರು.

"ಆತ್ಮೀಯ ಬಂಧುಗಳೇ, ಯಾರೂ ಭಯಪಡಬೇಕಾಗಿಲ್ಲ. ನಿಮ್ಮ ಹಣ ಸುರಕ್ಷಿತವಾಗಿದೆ. ಕಿಡಿಗೇಡಿಗಳು ಹಬ್ಬಿಸುತ್ತಿರುವ ಸುದ್ದಿಗೆ ಕಿವಿಗೊಡಬೇಡಿ. ನಾನು ಎಲ್ಲಿಗೂ ಓಡಿಹೋಗಿಲ್ಲ."

ಸಾಲಿನ ಮುಂದುಗಡೆ ಚಲುವಮ್ಮ ನಿಂತಿದ್ದಳು. ಬೆಟ್ಟದ ಪಾದದಲ್ಲಿ ಹೂವು ಮಾರುವವಳು, ದಿನಾ ಪಿಗ್ಮಿ ಕಟ್ಟುವವಳು. ಮಗಳ ಮನೆಗೆ ಕೊಡಲು ದೀಪವೊಂದು ಸಿಕ್ಕೀತೆಂದು ಬಂದಿದ್ದಳೇ ಹೊರತು ಅವಳ ತಲೆಯಲ್ಲಿ ಬೇರೇನೂ ಇರಲಿಲ್ಲ. ಈ ಮಾತು ಕೇಳಿ ಅವಳು ತಲೆಯೆತ್ತಿದಳು.

"ಯಾಕೆ ಸ್ವಾಮಿ, ಭಯ ಬೀಳೋ ಅಂತದ್ದು ಏನಾಗದೆ?"

ಮೈಕು ಚಾಲೂ ಇತ್ತು. ವಾಗೀಶರು ಸುಮ್ಮನಿದ್ದದ್ದೂ ಅಷ್ಟು ಬೀದಿಗಳಿಗೆ ಕೇಳಿಸಿತು.

"ನಂಗೆ ದೀಪ ಬ್ಯಾಡ ಬುಡಿ," ಎಂದಳು ಚಲುವಮ್ಮ. "ನನ್ನ ದುಡ್ಡು ಕೊಟ್ಬುಡಿ."

ಹಿಂದಿನವರು ಅದನ್ನೇ ಹೇಳಿದರು. ದೀಪ ಪಡೆದು ಮನೆಗೆ ಹೋದವರು ದೀಪವನ್ನೂ ಹಿಡಿದುಕೊಂಡು ವಾಪಸ್ಸು ಓಡಿಬಂದರು. ಎದುರು ಮನೆಗಳ ಮಹಡಿಯ ಮೇಲೆ ನಿಂತು ನೋಡುತ್ತಿದ್ದವರು ಪಾಸ್‌ಬುಕ್ ಹುಡುಕಲು ಒಳಗೆ ಓಡಿದರು. ವಾಗೀಶರು ಬೆವರುತ್ತಾ ಇನ್ನಷ್ಟು ಮಾತಾಡಿದರು. ಸಂಸ್ಥೆಯ ಭದ್ರ ನೆಲೆಗಟ್ಟು ಎಂದರು, ವಿಶ್ವಾಸ ಎಂದರು, ಪರಂಪರೆ ಎಂದರು. ಒಂದೊಂದು ಪದಕ್ಕೂ ಸಾಲು ಒಂದೊಂದು ಮನೆಯಷ್ಟು ಉದ್ದವಾಯಿತು.

ಐಶ್ವರ್ಯ ಕೌಂಟರಿನಲ್ಲಿ ಕೂತು ಇದ್ದಷ್ಟನ್ನು ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಡ್ರಾಯರು ಮುಗಿಯಿತು, ಸ್ವಲ್ಪ ಹೊತ್ತಿಗೆ ಸೇಫೂ ಮುಗಿಯಿತು. ಬೇರೆ ಬ್ಯಾಂಕಿನಲ್ಲಿಟ್ಟಿದ್ದ ಚೂರುಪಾರನ್ನು ತರಿಸಿದರು, ಅದು ಕಾಫಿ ಕುಡಿಯುವಷ್ಟರಲ್ಲಿ ಖಾಲಿ. ವಾಗೀಶರು ಸಿದ್ದಮಲ್ಲಪ್ಪನವರಿಗೆ ಫೋನ್ ಮಾಡಿದರು. ಬಹಳ ಸಲ ಮಾಡಿದ ಮೇಲೆ ಎತ್ತಿದರು.

"ಸಿದ್ದಮಲ್ಲಪ್ಪನವರೇ, ಸ್ವಲ್ಪವಾದರೂ ತುಂಬಿ. ಇವತ್ತು ಒಂದು ದಿನ ದಾಟಿಸಿದರೆ ಸಾಕು."

"ನಾನೆಲ್ಲಿಂದ ತರ್ಲಿ ವಾಗೀಶಣ್ಣ? ಎಲ್ಲಾ ನೀರಿಗಾಕಿದೀನಲ್ಲ." ಹಾಗೆಯೇ ಸೇರಿಸಿದರು: "ಅಂದಂಗೆ, ಜನ ಗಾಜುಗೀಜು ಒಡೆದ್ರೆ ನೀವೇ ನೋಡ್ಕೋಬೇಕು. ಅಗ್ರಿಮೆಂಟಲ್ಲಿ ಅದೆ."

ವಾಗೀಶರು ಹಿಂದಿನ ಬಾಗಿಲಿನಿಂದ ಮನೆಗೆ ಹೋದರು. ಪೇಟ ತೆಗೆಯುವುದನ್ನೂ ಮರೆತಿದ್ದರು. "ಪ್ರೇಮಾ, ನಿನ್ನ ಪೋಸ್ಟಾಫೀಸಿಂದು," ಎಂದು ಶುರು ಮಾಡಿದರು.

"ಇಲ್ಲ," ಎಂದರು ಪ್ರೇಮಲೀಲಾ. "ಅದನ್ನ ಕೊಟ್ರೆ ಆ ಸಾಲಿನಲ್ಲಿ ಹತ್ತು ಜನಕ್ಕಾಗುತ್ತೆ. ಹನ್ನೊಂದನೆಯವರಿಗೆ ಏನು ಹೇಳ್ತೀರಿ? ಅಲ್ದೆ, ನಾಳೆಯಿಂದ ನಾವು ಊಟ ಮಾಡಬೇಕಲ್ಲ. ಪೇಟ ತೆಗೀರಿ ಮೊದಲು."

ಸಂಜೆ ಐಶ್ವರ್ಯ ಷಟರ್ ಎಳೆದಳು. ಬೀಗದ ಕೈಯನ್ನು ವಾಗೀಶರ ಮನೆಗೆ ಬಂದು ಕೊಟ್ಟು, "ನಾಳೆಯಿಂದ ಬರಲ್ಲ ಸರ್" ಎಂದಳು. ಷಟರಿಗೆ ಅಂಟಿಸಲು ವಾಗೀಶರು ತಮ್ಮ ಕೈಯಾರೆ ಪ್ರಕಟಣೆಯೊಂದನ್ನು ಬರೆದರು: "ಅನಿವಾರ್ಯ ಕಾರಣಗಳಿಂದ ತಾತ್ಕಾಲಿಕವಾಗಿ ವ್ಯವಹಾರ ಸ್ಥಗಿತಗೊಂಡಿದ್ದು ಸದಸ್ಯರು ಸಹಕರಿಸಬೇಕಾಗಿ ವಿನಂತಿ." ಮರುದಿನ ಬೆಳಿಗ್ಗೆ ಅದರ ಮೇಲೆ ಯಾರೋ ಸಗಣಿ ಎರಚಿದ್ದರು.

ಮುಂದೆ ಆಗಬೇಕಾದದ್ದೆಲ್ಲ ಆಯಿತು. ಪೊಲೀಸರು ಬಂದರು, ಇಲಾಖೆಯವರು ಬಂದರು, ಆಡಳಿತಾಧಿಕಾರಿ ಬಂದು ಕೂತರು. ವಾಗೀಶರನ್ನು ಠಾಣೆಗೆ ಕರೆದೊಯ್ದು ಕೆಲವು ದಿನ ಇಟ್ಟುಕೊಂಡು ಜಾಮೀನಿನ ಮೇಲೆ ಬಿಟ್ಟರು. ಇಂಥ ಸಂಘದಲ್ಲಿಟ್ಟ ಹಣಕ್ಕೆ ಸರ್ಕಾರದ ವಿಮೆಯಿಲ್ಲ ಎಂಬ ಸಂಗತಿ ಸದಸ್ಯರಿಗೆ ಈಗ ತಿಳಿಯಿತು. ಬ್ಯಾಂಕು ಎನ್ನುತ್ತಿದ್ದರಲ್ಲ ಎಂದು ಅವರು ಕೇಳಿದರೆ, ಬೋರ್ಡು ಓದಬೇಕಿತ್ತು ಎಂದರು ಅಧಿಕಾರಿ.

ಠಾಣೆಯಿಂದ ಬಂದ ಮಾರನೇ ದಿನ ಅಂಬುಜಾ ಮನೆಗೆ ಬಂದರು. ವಾಗೀಶರು ಎದ್ದು ನಿಂತರು. "ಮಿಸ್, ಪರಿಸ್ಥಿತಿಯ ಒತ್ತಡದಲ್ಲಿ ಕೆಲವು," ಎಂದು ಶುರು ಮಾಡಿದ್ದನ್ನು ಅವರು ಕೈಯೆತ್ತಿ ನಿಲ್ಲಿಸಿದರು.

"ಚಪ್ಪಲಿ ಹಾಕ್ಕೋ. ಸಹಸ್ರನಾಮದ ಗುಂಪಿನವರ ಮನೆಗೆ ಹೋಗ್ಬೇಕು. ನನ್ನ ಮಾತು ಕೇಳಿ ದುಡ್ಡಿಟ್ಟವರು ಅವರು. ಮುಖ ತಪ್ಪಿಸ್ಕೊಂಡು ಓಡಾಡೋದು ನನ್ನ ಕೈಲಾಗಲ್ಲ."

"ನಾನು ಬಂದು ಏನು ಹೇಳಲಿ ಮಿಸ್?"

"ಏನೂ ಹೇಳಬೇಡ. ನಾನು ಹೇಳ್ತೀನಿ. ನೀನು ಪಕ್ಕದಲ್ಲಿ ನಿಂತ್ಕೋ. ಬಾಯಿ ಬಿಟ್ಟರೆ ಅಲ್ಲೇ ಬಿಟ್ಟು ಬಂದ್ಬುಡ್ತೀನಿ."

ಅವರು ಮನೆಮನೆಗೆ ನಡೆದರು. ಪ್ರತಿ ಮನೆಯ ಬಾಗಿಲಲ್ಲೂ ಅಂಬುಜಾ ಒಂದೇ ಮಾತು ಹೇಳಿದರು: "ನಾನು ಹೇಳಿದೆ ಅಂತ ನೀವು ಇಟ್ರಿ. ವಿಚಾರಿಸದೆ ಹೇಳಿದ್ದು ನನ್ನ ತಪ್ಪು. ಇವನು ವಾಗೀಶ." ಅಷ್ಟು ಹೇಳಿ ಅವರು ಸುಮ್ಮನೆ ನಿಲ್ಲುತ್ತಿದ್ದರು, ಬಯ್ಯುವವರಿಗೆ ಸಮಯ ಕೊಡುವವರ ಹಾಗೆ. ಒಬ್ಬರು ಬಾಗಿಲು ಹಾಕಿಕೊಂಡರು. ಒಬ್ಬಾಕೆ ಅಳುತ್ತಾ ಅಂಬುಜಾರ ಕೈ ಹಿಡಿದುಕೊಂಡರು, ವಾಗೀಶರ ಕಡೆ ನೋಡಲೇ ಇಲ್ಲ. ಮೂರನೆಯ ಮನೆಯಲ್ಲಿ ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು. ಆ ಮನೆಯ ಅಜ್ಜಿಯ ಮಂಡಿ ಆಪರೇಷನ್ನಿಗೆ ಕೂಡಿಟ್ಟಿದ್ದ ಹಣ ಹೋಗಿತ್ತು. ಆ ಅಜ್ಜಿ ಗೋಡೆ ಹಿಡಿದುಕೊಂಡು ನಡೆದು ಬಂದು ತಾವೇ ಲೋಟ ಕೈಗಿಟ್ಟು, "ಸಕ್ಕರೆ ಸರಿ ಇದೆಯಾ?" ಎಂದು ಕೇಳಿದರು. ವಾಗೀಶರು ತಲೆಯಾಡಿಸಿ ಒಂದು ಗುಟುಕು ಕುಡಿದರು. ತಲೆಯಲ್ಲಿ ಎಂಟು ಹತ್ತು ಒಳ್ಳೊಳ್ಳೆಯ ವಾಕ್ಯಗಳು ಬಂದು ಸಾಲು ನಿಂತಿದ್ದವು, ಒಂದನ್ನೂ ಆಡುವಂತಿರಲಿಲ್ಲ. ಬದುಕಿನಲ್ಲಿ ಅಷ್ಟು ಹೊತ್ತು ಅವರು ಯಾರನ್ನೂ ಸುಮ್ಮನೆ ನೋಡಿರಲಿಲ್ಲ. ಅಜ್ಜಿಯ ಕಾಲು ಊದಿತ್ತು.

ವಾಪಸ್ಸು ಬರುವಾಗ ಅಂಬುಜಾ ಹೇಳಿದರು: "ವಿಚಾರಣೆಗೆ ಕರೀತಾರಲ್ಲ, ಅಲ್ಲೂ ಉದ್ದ ಎಳೆಯಬೇಡ. ಏನು ನಡೀತೋ ಅದನ್ನ ಹೇಳು."

ವಕೀಲರ ಸಲಹೆ ಬೇರೆಯಿತ್ತು. ಏನೂ ನೆನಪಿಲ್ಲ ಎನ್ನಿ ಎಂದಿದ್ದರು. ವಿಚಾರಣೆಯ ದಿನ ಸಿದ್ದಮಲ್ಲಪ್ಪ ಮುಂದಿನ ಸಾಲಿನಲ್ಲಿ ವಿಭೂತಿ ಧರಿಸಿ ಕೂತಿದ್ದರು. ಅವರಿಗೆ ನಿಜವಾಗಿಯೂ ಏನೂ ನೆನಪಿರಲಿಲ್ಲ. ಎಲ್ಲವನ್ನೂ ಅಧ್ಯಕ್ಷರೇ ನೋಡಿಕೊಳ್ಳುತ್ತಿದ್ದರು ಎಂದರು.

ಅಧಿಕಾರಿ ವಾಗೀಶರ ಕಡೆ ತಿರುಗಿದರು. "ಸಾಲ ಕೊಡುವಾಗ ಬೋರ್‌ವೆಲ್ಲಿನಲ್ಲಿ ನೀರಿಲ್ಲ ಅನ್ನೋದು ನಿಮಗೆ ಗೊತ್ತಿತ್ತಾ?"

"ಮೊದಲನೇ ಸಾಲಕ್ಕೆ ಗೊತ್ತಿರಲಿಲ್ಲ. ಉಳಿದದ್ದಕ್ಕೆಲ್ಲ ಗೊತ್ತಿತ್ತು."

"ಮತ್ತೆ ಯಾಕೆ ಕೊಟ್ರಿ?"

"ನಿಲ್ಲಿಸಿದ್ದರೆ ಅಧ್ಯಕ್ಷಗಿರಿ ಹೋಗುತ್ತಿತ್ತು."

ಕೋಣೆಯಲ್ಲಿ ಯಾರೋ ನಕ್ಕರು. ವಾಗೀಶರು ಮುಂದುವರಿಸಿ, ಯಾವ ಸಾಲ ಯಾಕೆ ಕೊಟ್ಟದ್ದು, ಅದು ಕಾರ್ಖಾನೆಗೆ ಹೋಗದೆ ಸಿದ್ದಮಲ್ಲಪ್ಪನವರ ಯಾವ ಸೈಟು, ಯಾವ ಗೋದಾಮಿಗೆ ಹೋಯಿತು ಎಂಬುದನ್ನು ತಮಗೆ ಗೊತ್ತಿದ್ದಷ್ಟೂ ಹೇಳಿದರು. ಸಿದ್ದಮಲ್ಲಪ್ಪನವರ ವಕೀಲರು ಎದ್ದು, ಈತ ವೃತ್ತಿಯಿಂದಲೇ ಮಾತುಗಾರ, ಇವರ ಮಾತನ್ನು ನಂಬಬಾರದು ಎಂದರು. ಅದರಲ್ಲಿ ತಪ್ಪೇನಿರಲಿಲ್ಲ. ಆದರೆ ಸೈಟುಗಳು ಹೇಳಿದ ಜಾಗದಲ್ಲೇ ಇದ್ದವು.

ಮೂರಂತಸ್ತಿನ ಕಟ್ಟಡ ಹರಾಜಾಯಿತು, ಕಮಾನಿನ ಸಮೇತ. ವಾಗೀಶರ ಮನೆಯೂ ಹೋಯಿತು. ಕಡಕೊಳದ ಕಾರ್ಖಾನೆಯಲ್ಲಿ ಯಂತ್ರಗಳು ತುಕ್ಕು ಹಿಡಿದಿದ್ದವು, ಲೇಬಲ್ಲುಗಳು ಮಾತ್ರ ಮೂಟೆ ಮೂಟೆ ಸಿಕ್ಕವು. ಎರಡು ವರ್ಷದ ಮೇಲೆ ಠೇವಣಿದಾರರಿಗೆ ರೂಪಾಯಿಗೆ ಆರಾಣೆಯ ಲೆಕ್ಕದಲ್ಲಿ ಹಣ ಬಂತು. ಮಂಡಿ ನೋವಿನ ಅಜ್ಜಿಗೂ ಬಂತು. ಅಷ್ಟರಲ್ಲಿ ಆಪರೇಷನ್ನಿನ ಖರ್ಚು ಏರಿತ್ತು. ಚಲುವಮ್ಮನಿಗಂತೂ ಪೂರ್ತಿ ದುಡ್ಡು ಸಾಲು ನಿಂತ ದಿನವೇ ಸಿಕ್ಕಿತ್ತು. ಹೆದರಬೇಡಿ ಎಂದವರ ಮುಖ ನೋಡಿ ಹೆದರಿದ್ದಕ್ಕೆ ಸಿಕ್ಕ ಫಲ ಅದು. ಕೇಸು ಇನ್ನೂ ನಡೆಯುತ್ತಿದೆ. ಸಿದ್ದಮಲ್ಲಪ್ಪ ಮಗನ ಹೆಸರಿನಲ್ಲಿ ಸಿಮೆಂಟು ಮಾರುತ್ತಿದ್ದಾರೆ, ಈಗಲೂ ಮಾತು ಕಡಿಮೆ.

ವಾಗೀಶರು, ಪ್ರೇಮಲೀಲಾ ಬಾಡಿಗೆಯ ಎರಡು ಕೋಣೆಯಲ್ಲಿದ್ದಾರೆ. ಪೋಸ್ಟಾಫೀಸಿನ ಬಡ್ಡಿಯಲ್ಲಿ ಮನೆ ನಡೆಯುತ್ತದೆ. ಮೊನ್ನೆ ಯಾರೋ ಮಧ್ಯವಯಸ್ಕರೊಬ್ಬರು ಕಾರಿನಲ್ಲಿ ಬಂದರು. ಹಣ್ಣು ತಂದಿದ್ದರು. ಬಾಗಿಲಲ್ಲಿ ಪ್ರೇಮಲೀಲಾ ನಿಂತಿದ್ದರು.

"ಅಮ್ಮಾ, ನಮ್ಮ ಬಡಾವಣೆಯಲ್ಲಿ ನಾವೆಲ್ಲ ಸೇರಿ ಒಂದು ಸೊಸೈಟಿ ಮಾಡ್ತಿದೀವಿ. ಮುಂದಿನ ತಿಂಗಳು ಉದ್ಘಾಟನೆ. ಹಳೇದೆಲ್ಲ ಬಿಡಿ, ನ್ಯಾಯ ಹೇಳಬೇಕು ಅಂದ್ರೆ ನಿರೂಪಣೆಗೆ ವಾಗೀಶ್ ಸಾರ್ ಥರ ಇನ್ನೊಬ್ಬರು ಈ ಊರಲ್ಲಿಲ್ಲ."

ಒಳಗಿನ ಕೋಣೆಯಲ್ಲಿ ಪೇಪರು ಓದುತ್ತಿದ್ದ ವಾಗೀಶರು ಅದನ್ನು ಮಡಿಸಿದರು. ಬೇಡ ಬೇಡವೆಂದರೂ ಮೊದಲ ವಾಕ್ಯ ತಾನಾಗಿ ಬಂದು ನಾಲಿಗೆಯ ತುದಿಯಲ್ಲಿ ಕೂತಿತು. ಚೆನ್ನಾಗಿಯೇ ಇತ್ತು. ಎರಡನೆಯದೂ ಬರುತ್ತಿತ್ತು. ಅವರು ಅರ್ಧ ಎದ್ದರು.

"ಅವರಿಗೆ ಗಂಟಲು ಹೋಗಿದೆ," ಎಂದರು ಪ್ರೇಮಲೀಲಾ. "ಡಾಕ್ಟ್ರು ಮಾತಾಡಲೇಬಾರದು ಅಂದಿದಾರೆ. ಹಣ್ಣು ತಗೊಂಡು ಹೋಗಿ."

ಕಾರು ಹೋದ ಸದ್ದಾಯಿತು. ವಾಗೀಶರು ಮೆಲ್ಲಗೆ ಮತ್ತೆ ಕೂತು, ಪೇಪರು ಬಿಡಿಸಿಕೊಂಡರು.